"ಪರ್ಮಿಶನ್ ಇದೆ ಸರ್" ಅಂದ್ರೆ ನಂಬಬೇಡಿ, ಮೇಲ್ ಪೂರ್ತಿ ತೋರಿಸಿ ಅನ್ನಿ

ದಯವಿಟ್ಟು ಪೂರ್ತಿ ಓದಿ. ಎಫ್‌ಎಸ್‌ಎಕ್ಸ್ (ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಮೈಕ್ರೋಸಾಫ್ಟಿನ ಹಳೇ ಸಿಮ್ಯುಲೇಟರ್) ಕಾಲದ ವಿಮಾನಗಳನ್ನ ಅವರದೇ ಹೊಸ ಸಿಮ್ಯುಲೇಟರಿಗೆ ಕನ್ವರ್ಟ್ ಮಾಡಿಕೊಡ್ತೀನಿ ಅಂತ ದುಡ್ಡು ಕೇಳೋ ಒಬ್ಬನ ಕೈಗೆ ಸಿಕ್ಕಿಬಿದ್ದೆ. ₹1,800 ಹೋಯ್ತು. ಅದು ಹಾಳಾಗಿ ಹೋಗಲಿ. ವರ್ಷಗಟ್ಟಲೆ ನಿದ್ದೆಗೆಟ್ಟು ಆ ವಿಮಾನ ಮಾಡಿ ಎಲ್ಲರಿಗೂ ಪುಕ್ಕಟೆ ಕೊಟ್ಟ ಮನುಷ್ಯನ ಮುಂದೆ ನಾನು ಕಳ್ಳನ ಹಾಗೆ ನಿಲ್ಲಬೇಕಾಯ್ತು. ಅದನ್ನ ಮರೆಯೋಕೆ ಆಗ್ತಿಲ್ಲ.

ವಿಮಾನ ಫೋಕರ್ ಫ್ರೆಂಡ್‌ಶಿಪ್. ನಮ್ಮಪ್ಪ ಮೊದಲ ಸಲ ಹತ್ತಿದ್ದು ಇಂಡಿಯನ್ ಏರ್‌ಲೈನ್ಸಿನ ಅದೇ ವಿಮಾನ, ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಿಂದ. ರೆಕ್ಕೆ ಕಿಟಕಿಗಿಂತ ಮೇಲೆ ಇದ್ದಿದ್ದಕ್ಕೆ ಒಳಗಿಂದ ಊರೆಲ್ಲಾ ಕಾಣ್ತಿತ್ತು ಅಂತ ಇವತ್ತಿಗೂ ಹೇಳ್ತಾರೆ. ಅವರ 75ನೇ ಹುಟ್ಟುಹಬ್ಬಕ್ಕೆ ಅದನ್ನೇ ಹಾರಿಸಿ ತೋರಿಸಬೇಕು ಅಂತ ಆಸೆ. ಎಫ್‌ಎಸ್‌ಎಕ್ಸ್‌ಗೆ ಹೊರದೇಶದವರೊಬ್ಬರು ಮಾಡಿದ ಒಳ್ಳೇ ಮಾಡೆಲ್ ಇತ್ತು. ಆದರೆ ಅದನ್ನ ಹಾಗೇ ತಂದು ಹೊಸದರ ಕಮ್ಯುನಿಟಿ ಫೋಲ್ಡರಿಗೆ (ಹೊರಗಿನ ವಿಮಾನ ಹಾಕೋ ಜಾಗ) ಹಾಕಿದರೆ ಏನಾಗುತ್ತೆ ಗೊತ್ತಲ್ಲ, ಹಳೇ ಗೇಜುಗಳು, ಅಂದರೆ ಕಾಕ್‌ಪಿಟ್ಟಿನ ಮೀಟರುಗಳು, 32 ಬಿಟ್ಟಿನವು, ಹೊಸದರಲ್ಲಿ ಓಡಲ್ಲ, ಕಾಕ್‌ಪಿಟ್ ತುಂಬಾ ಕಪ್ಪು ತೂತುಗಳು.

ಆಗ ಈತ ಸಿಕ್ಕ. ಕನ್ನಡದವನೇ, ಬೆಣ್ಣೆಯಂಥ ಮಾತು. ಮೊದಲ ಮೆಸೇಜಲ್ಲೇ ನಾನು ಕೇಳಿದ್ದೆ, "ಮೂಲ ಮಾಡಿದವರ ಒಪ್ಪಿಗೆ ಇದೆಯಾ?" ಕೇಳಿದ್ದೆ! "ಪರ್ಮಿಶನ್ ಇಲ್ದೆ ನಾನು ಕೈ ಹಾಕೋದೇ ಇಲ್ಲ ಸರ್" ಅಂತ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಇಂಗ್ಲಿಷಿನಲ್ಲಿ ಒಂದೇ ಸಾಲು, ನನ್ನ ಅಭ್ಯಂತರ ಇಲ್ಲ, ಮಾಡಿ ಅಂತ. ಪಕ್ಕದಲ್ಲಿ ಅವರ ಹೆಸರು. ಮೇಲೂ ಕೆಳಗೂ ಕತ್ತರಿಸಿತ್ತು. ಯಾಕೆ ಕತ್ತರಿಸಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಯುಪಿಐನಲ್ಲಿ ದುಡ್ಡು ಹಾಕಿಬಿಟ್ಟೆ.

ವಿಮಾನ ಬಂತು, ಹಾರಿಸಿದೆ. ಅಪ್ಪ ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿದರು. ಆ ಖುಷಿಗೆ ನಾನೇ ಇಂಡಿಯನ್ ಏರ್‌ಲೈನ್ಸ್ ಬಣ್ಣ ಬಳಿಯೋಕೆ ಕೂತೆ. ಮೈಬಣ್ಣದ ಚಿತ್ರ ಇರೋ ಟೆಕ್ಸ್ಚರ್ ಫೈಲ್ ದೊಡ್ಡದು ಮಾಡಿ ನೋಡ್ತಿದ್ದಾಗ ಚಕ್ರದ ಬಾಗಿಲಿನ ಒಳಮೈಯಲ್ಲಿ, ರಿವೆಟ್ಟುಗಳ ಸಾಲಿನ ಕೆಳಗೆ, ಎರಡು ಪುಟ್ಟ ಅಕ್ಷರ ಕಂಡವು, ಪಕ್ಕದಲ್ಲಿ 2009. ಮಾಡಿದವರು ಹಾಕಿಕೊಂಡ ಗುರುತು. ವಿಮಾನದ ವಿವರ ಇರೋ ಮ್ಯಾನಿಫೆಸ್ಟ್ ಫೈಲ್ ತೆಗೆದರೆ ಕ್ರಿಯೇಟರ್ ಅನ್ನೋ ಜಾಗದಲ್ಲಿ ಇವನ ಹೆಸರು. ಹಳೇ ಜಿಪ್‌ನಲ್ಲಿ ಇರಬೇಕಾದ, ಮಾಡಿದವರ ಶರತ್ತು ಬರೆದಿರೋ ರೀಡ್‌ಮಿ ಫೈಲೇ ಇಲ್ಲ. ಇಷ್ಟು ನೋಡಿಯೂ ಸುಮ್ಮನಾದೆ. ಸುಮ್ಮನಾಗಿದ್ದು ಮಾತ್ರ ಅಲ್ಲ, ಇಡೀ ಫೋಲ್ಡರನ್ನ ಗೆಳೆಯರಿಗೂ ಹಂಚಿದೆ.

ನಾಲ್ಕನೇ ದಿನ ಮೂಲದವರ ಮೇಲ್ ನನಗೇ ಬಂತು. ಬೈಗುಳ ಇಲ್ಲ. ನೀವು ಹಂಚ್ತಿರೋದು ನನ್ನ ಮಾಡೆಲ್, ನಿಮಗೆ ಎಲ್ಲಿ ಸಿಕ್ಕಿತು ಅಂತ ಕೇಳಿದ್ದರು. ನಾನು ಜಂಬದಿಂದ ಆ ಸ್ಕ್ರೀನ್‌ಶಾಟ್ ಕಳಿಸಿದೆ. ತಿರುಗಿ ಅವರು ಅದೇ ಮೇಲನ್ನ ಪೂರ್ತಿ ಕಳಿಸಿದರು. ತಾರೀಖು 2011. ಈತ ಆಗ ಎಫ್‌ಎಸ್‌ಎಕ್ಸ್‌ನಲ್ಲಿ ಹೊಸ ಬಣ್ಣ ಬಳಿದು ಹಂಚಲಾ ಅಂತ ಕೇಳಿದ್ದ, ಅದಕ್ಕೆ ಕೊಟ್ಟ ಉತ್ತರ ಅದು. ಅದರ ಕೆಳಗಿನ ಸಾಲಲ್ಲೇ ಇತ್ತು, ಮಾಡೆಲ್ಲನ್ನ ಬೇರೆ ಸಿಮ್ಯುಲೇಟರಿಗೆ ಒಯ್ಯಬೇಡಿ, ಮಾರಬೇಡಿ. 2011! ಹೊಸ ಸಿಮ್ಯುಲೇಟರ್ ಬಂದಿದ್ದು 2020ರ ಆಗಸ್ಟಿನಲ್ಲಿ. ಹುಟ್ಟೇ ಇರದ ಸಿಮ್ಯುಲೇಟರಿಗೆ ಅವರು ಒಪ್ಪಿಗೆ ಎಲ್ಲಿಂದ ಕೊಡಬೇಕು? ಓದಿ ಮೈಯೆಲ್ಲ ಬಿಸಿಯಾಯ್ತು. ಆ ಕತ್ತರಿಸಿದ ಸಾಲು, ಅದೊಂದು ಸಾಲು!

ಈತನಿಗೆ ಫೋನ್ ಮಾಡಿದೆ. "ಫ್ರೀವೇರ್ ಅಲ್ವಾ ಸರ್, ಫ್ರೀ ಅಂದ್ಮೇಲೆ ಎಲ್ಲರದ್ದು" ಅಂದ. ಅವರೇ ಬೇಡ ಅಂತ ಬರೆದಿದ್ದಾರಲ್ಲ ಅಂದರೆ, "ನಾನು ದುಡ್ಡು ತಗೊಂಡಿದ್ದು ನನ್ನ ಕೆಲಸಕ್ಕೆ, ವಿಮಾನಕ್ಕಲ್ಲ." ದುಡ್ಡು ವಾಪಸ್ ಕೊಡಿ ಅಂದ ತಕ್ಷಣ ಸರ್ ಹೋಗಿ ಗುರು ಆಯ್ತು. "ಗುರು, ಹಂಚಿದ್ದು ನೀನು. ನನ್ನ ಹೆಸರು ಎತ್ತಿದ್ರೆ ನಿನ್ನ ಹೆಸರೂ ಬರುತ್ತೆ." ಆಮೇಲೆ ಬ್ಲಾಕ್. ನಾನು ಹಂಚಿದ್ದು ನಿಜ, ಅದಕ್ಕೇ ಬಾಯಿ ಕಟ್ಟಿಹೋಯ್ತು.

ಫ್ರೀವೇರ್ ಅಂದರೆ ಬೆಲೆ ಇಲ್ಲ ಅಂತ, ಮಾಲೀಕರಿಲ್ಲ ಅಂತ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಗಳ ಸಾಲಿಗೇ ಸೇರುತ್ತೆ. ಅದನ್ನ ಮಾರ್ಪಡಿಸೋ ಹಕ್ಕು ಮಾಡಿದವರದ್ದು, ಲೈಸೆನ್ಸ್ ಕೊಡೋದಾದರೆ ಬರವಣಿಗೆಯಲ್ಲೇ ಕೊಡಬೇಕು. ಮೇಲ್‌ಗೆ ಉತ್ತರ ಬರಲಿಲ್ಲ ಅಂದರೆ ಒಪ್ಪಿದ ಹಾಗಲ್ಲ. ಕೃತಿ ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತೆ.

ಯಾರಾದರೂ ಕನ್ವರ್ಟ್ ಮಾಡಿದ್ದು ಕೊಟ್ಟರೆ ಮೊದಲು ರೀಡ್‌ಮಿ ಕೇಳಿ. ಮೇಲ್ ತಾರೀಖು ಸಮೇತ ಪೂರ್ತಿ ತೋರಿಸು ಅನ್ನಿ. ಕುಂಟು ನೆಪ ಹೇಳಿದರೆ ಅಲ್ಲೇ ಬಿಡಿ. ತೋರಿಸಿದರೂ ಮಾಡಿದವರಿಗೆ ನೀವೇ ನೇರ ಬರೆಯಿರಿ, ನಾನು ಆ ಎರಡು ಸಾಲು ಬರೆಯದೆ ಕೆಟ್ಟೆ. ನಿಮ್ಮ ಆಸೆಗೆ ಮಾಡಿಕೊಂಡಿದ್ದನ್ನ ಹಂಚಬೇಡಿ, ಬಣ್ಣ ಮಾತ್ರ ನಿಮ್ಮದಾದರೆ ಬಣ್ಣದ ಫೈಲ್ ಮಾತ್ರ ಕೊಡಿ.

ನಾನು ಎಲ್ಲ ಅಳಿಸಿ, ಗೆಳೆಯರಿಗೂ ಅಳಿಸಲು ಹೇಳಿ, ಅವರಿಗೆ ಕ್ಷಮೆ ಕೇಳಿ ಬರೆದೆ. ಬಣ್ಣ ಬಳಿಯೋಕೆ ಮಾತ್ರ ಒಪ್ಪಿದ್ದಾರೆ, ಎಫ್‌ಎಸ್‌ಎಕ್ಸ್‌ನಲ್ಲಿ. ಅಪ್ಪನಿಗೆ ಅದರಲ್ಲೇ ತೋರಿಸ್ತೀನಿ.

ನಿನ್ನೆ ಗೆಳೆಯನೊಬ್ಬ ತೋರಿಸಿದ, ಈತ ಈಗ ಡಕೋಟಾ ಅನ್ನೋ ಇನ್ನೊಂದು ಹಳೇ ವಿಮಾನ ಮಾರ್ತಿದ್ದಾನೆ, ₹2,500. ಒಪ್ಪಿಗೆ ಅಂತ ಕಳಿಸ್ತಿರೋದು ಅದೇ ಸ್ಕ್ರೀನ್‌ಶಾಟ್, ಈ ಸಲ ಪಕ್ಕದ ಹೆಸರನ್ನೂ ಕತ್ತರಿಸಿದ್ದಾನೆ.