ಜಮೀನಿನ ಮೂರು ಸಿನಿಮಾ, ಅಪ್ಪನ ಜೊತೆ ಮೂರು ಭಾನುವಾರ

ನಾನು ಮೈಸೂರಲ್ಲಿ ಕೆಲಸ ಮಾಡ್ತೀನಿ. ಶನಿವಾರ ರಾತ್ರಿ ಮದ್ದೂರು ಹತ್ತಿರದ ನಮ್ಮೂರಿಗೆ ಹೋಗ್ತೀನಿ. ಹೋದ ತಿಂಗಳು ನಾಲೆಗೆ ನೀರು ಬಿಟ್ಟಿರಲಿಲ್ಲ, ಅಪ್ಪನಿಗೆ ಬಿಡುವಿತ್ತು. ಮೂರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತು ‘ಕಾಂತಾರ’, ‘ಕಾಟೇರ’, ‘ತಿಥಿ’ ನೋಡಿದೆವು. ಯಾವುದೂ ಹೊಸದಲ್ಲ, ಆದರೆ ಅಪ್ಪ ಒಂದನ್ನೂ ನೋಡಿರಲಿಲ್ಲ. ಮೂರನೆಯದು ನೋಡುವಾಗ ಹೊಳೆಯಿತು, ಮೂರೂ ಜಮೀನಿನ ಕತೆ. ಹಾಗಾಗಿ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸಿತು.

ಸಿನಿಮಾ ಕಟ್ಟಿದ ರೀತಿ ನೋಡಿದರೆ 2022ರ ‘ಕಾಂತಾರ’ವೇ ಮುಂದೆ. ಕುಂದಾಪುರದ ಕಡೆಯ ಮಾತು ಅಪ್ಪನಿಗೆ ಅರ್ಧಂಬರ್ಧ ಅರ್ಥವಾಯಿತು. ಆದರೂ ಕೊನೆಯ ಭಾಗದಲ್ಲಿ ಕೂತ ಜಾಗದಿಂದ ಅಲ್ಲಾಡಲಿಲ್ಲ. ಆ ‘ಓ...’ ಅನ್ನೋ ಕೂಗಿಗೆ ಕೊಟ್ಟಿಗೆಯಲ್ಲಿ ಮಲಗಿದ್ದ ಕರು ಎದ್ದು ನಿಂತಿತು! ರಾಜ ಜನಕ್ಕೆ ಬಿಟ್ಟುಕೊಟ್ಟ ಕಾಡಿನ ಜಮೀನನ್ನು ಅವನ ವಂಶದವರು ವಾಪಸ್ ಕೇಳೋದು, ಇನ್ನೊಂದು ಕಡೆಯಿಂದ ಅರಣ್ಯ ಇಲಾಖೆ ಗಡಿ ಹಾಕೋದು, ಎಲ್ಲ ಗಟ್ಟಿಯಾಗಿದೆ. ಆದರೆ ಅಲ್ಲಿ ಕೊನೆಗೆ ನಿಂತು ಕಾಯೋದು ದೈವ. ನಮ್ಮ ಕಡೆಯೂ ಮಾರಿಹಬ್ಬ ಉಂಟು, ಭಕ್ತಿಯೂ ಉಂಟು. ಬದುವಿನ ಜಗಳ ಬಂದರೆ ಮಾತ್ರ ಸರ್ವೆಗೆ ಅರ್ಜಿ ಹಾಕ್ತೀವಿ. ಹಾಗಾಗಿ ಮೈ ಜುಮ್ಮೆಂದರೂ ಅದು ನನಗೆ ಬೇರೆ ಸೀಮೆಯ ಕತೆ.

2023ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಕಾಟೇರ’ದಲ್ಲಿ ಫೈಟು ಜಾಸ್ತಿ, ಅಬ್ಬರ ಜಾಸ್ತಿ. ಅರ್ಧ ಗಂಟೆ ಕತ್ತರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೂ ಅದರ ಮೇಲೆ ನನಗೆ ಗೌರವ ಇದೆ. ಗೇಣಿ ರೈತರ ಕಷ್ಟ, ‘ಉಳುವವನೇ ಭೂಮಿಯ ಒಡೆಯ’ ಕಾನೂನು, ಇದನ್ನು ಇಷ್ಟು ದೊಡ್ಡ ಹೀರೋ ಸಿನಿಮಾದ ನಡುವೆ ತಂದು ಇಟ್ಟಿದ್ದಾರಲ್ಲ, ಸಣ್ಣ ಮಾತಲ್ಲ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ. ಆಗ ಮುಖ್ಯಮಂತ್ರಿ ನಮ್ಮ ಹುಣಸೂರು ಕಡೆಯ ದೇವರಾಜ ಅರಸು. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ತೀರ್ಮಾನ ಕೊಡುತ್ತಿತ್ತು.

ಇದನ್ನೆಲ್ಲ ನಾನು ಓದಿ ತಿಳಿದಿದ್ದೆ. ಅಪ್ಪ ಸಿನಿಮಾ ಅರ್ಧಕ್ಕೆ ನಿಲ್ಲಿಸು ಅಂದರು. ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆ ತೆಗೆದು, ಗೊಬ್ಬರದ ಚೀಲದ ಪ್ಲಾಸ್ಟಿಕ್ಕಲ್ಲಿ ಸುತ್ತಿದ ಕಾಗದ ತಂದರು. ನ್ಯಾಯಮಂಡಳಿಯ ಆದೇಶ. ನಾಲ್ಕು ಮಡಿಕೆ, ಮಡಿಕೆ ಇದ್ದ ಕಡೆ ಅಕ್ಷರ ಅಳಿಸಿಹೋಗಿದೆ. ಸರ್ವೆ ನಂಬರ್, 1 ಎಕರೆ 14 ಗುಂಟೆ, ತಾತನ ಹೆಸರು. ‘ನಿಮ್ ತಾತ ಇದ್ನ ಎದೆಗೊತ್ಕಂಡು ಮದ್ದೂರಿಂದ ನಡ್ಕಂಡೇ ಬಂದಿದ್ದ ಕಣವ್ವ. ಬಸ್ಸಲ್ ಯಾರಾರ ಕಿತ್ಕತಾರೆ ಅಂತ ಭಯ’ ಅಂದರು. ಇಷ್ಟು ವರ್ಷದಲ್ಲಿ ಈ ಮಾತು ಅವರ ಬಾಯಲ್ಲಿ ಬಂದೇ ಇರಲಿಲ್ಲ. ಒಂದು ಸಿನಿಮಾ ಅದನ್ನು ಹೊರಗೆ ತಂದಿತು ಅಂದಮೇಲೆ ಅದರ ಫೈಟುಗಳ ಬಗ್ಗೆ ನಾನು ಇನ್ನು ಮಾತಾಡಲ್ಲ.

‘ತಿಥಿ’ ನಮ್ಮದೇ ಸಿನಿಮಾ. ರಾಮ್ ರೆಡ್ಡಿ ನಿರ್ದೇಶನ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಳ್ಳಿಯ ಜನರನ್ನೇ ಹಾಕಿ ತೆಗೆದದ್ದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನದ ತಿಥಿಯವರೆಗಿನ ಕತೆ. ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ, ಸುಮ್ನೆ ತಿರುಗಾಡಿಕೊಂಡು ಇರ್ತಾನೆ. ಅವನ ಮಗ ತಮ್ಮಣ್ಣನಿಗೆ ಆ ಐದೆಕರೆ ಮಾರಬೇಕು. ಅದಕ್ಕೆ ಬದುಕಿರೋ ಅಪ್ಪ ಸತ್ತ ಅಂತ ಕಾಗದ ಮಾಡಿಸಲು ಹೊರಡ್ತಾನೆ. ಕುರಿ ಮಂದೆಯವರ ಜೊತೆ ಸೇರಿಕೊಂಡ ಗಡ್ಡಪ್ಪ, ರಾತ್ರಿ ಬೆಂಕಿ ಮುಂದೆ ಕೂತು ತನ್ನ ಬದುಕಿನ ಕತೆ ಹೇಳ್ತಾನಲ್ಲ, ದನಿ ಏರಿಸದೆ? ಮೂರು ಸಿನಿಮಾದಲ್ಲಿ ನನಗೆ ಮರೆಯಲಾಗದ ಜಾಗ ಅದು.

ಅಮ್ಮ, ಚಿಕ್ಕಮ್ಮ ಎಲ್ಲ ಗಡ್ಡಪ್ಪನನ್ನು ನೋಡಿ ನಗುತ್ತಿದ್ದರು. ಅಪ್ಪ ಮಾತ್ರ ತಮ್ಮಣ್ಣನನ್ನೇ ನೋಡುತ್ತಿದ್ದರು. ಯಾಕೆ ಅಂತ ನನಗೆ ಗೊತ್ತು. ತಾತ ತೀರಿಕೊಂಡ ಮೇಲೆ ಪವತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅಪ್ಪ ಮೂರು ವರ್ಷ ಅಲೆದಿದ್ದಾರೆ. ಆ ಆದೇಶದಲ್ಲಿ ತಾತನ ಹೆಸರಿಗೆ ಒಂದು ಒತ್ತು ಬಿಟ್ಟಿದೆ, ರೇಷನ್ ಕಾರ್ಡಲ್ಲಿ ಇದೆ. ಇಬ್ಬರೂ ಒಬ್ಬರೇ ಅಂತ ತೋರಿಸಲು ವಂಶವೃಕ್ಷ, ಅಫಿಡವಿಟ್, ಸಾಕ್ಷಿಗೆ ಊರಿನ ಇಬ್ಬರು ಹಿರಿಯರು. ಪ್ರತಿ ಸಲವೂ ನಾಳೆ ಬಾ. ತಮ್ಮಣ್ಣ ಮಾಡೋದು ತಪ್ಪು. ಆದರೆ ಕಾಗದದ ಹಿಂದೆ ಅವನು ಓಡುವ ಓಟದಲ್ಲಿ ಒಂದು ಹೆಜ್ಜೆಯೂ ಸುಳ್ಳಿಲ್ಲ.

ನನ್ನ ಲೆಕ್ಕದಲ್ಲಿ ‘ತಿಥಿ’ಯೇ ಮೊದಲು. ತಾತ ನಡೆದು ತಂದ ಜಮೀನು ಮೊಮ್ಮಕ್ಕಳ ಕಾಲಕ್ಕೆ ಏನಾಗುತ್ತೆ ಅನ್ನೋದು ಅದರಲ್ಲಿದೆ. ಅಪ್ಪನ ಓಟು ‘ಕಾಟೇರ’ಕ್ಕೆ, ಅದರಲ್ಲಿ ಜಮೀನು ಕೈಗೆ ಬರುತ್ತೆ. ನಮ್ಮ ಕಡೆಯವರು ನೋಡೋದಾದರೆ ‘ಕಾಟೇರ’ ಮೊದಲು ನೋಡಿ, ಮುಂದಿನ ವಾರವೇ ‘ತಿಥಿ’ ನೋಡಿ. ‘ಕಾಂತಾರ’ವನ್ನು ಯಾವಾಗ ಬೇಕಾದರೂ ನೋಡಬಹುದು, ದೊಡ್ಡ ಪರದೆ ಸಿಕ್ಕರೆ ಬಿಡಬೇಡಿ.

‘ತಿಥಿ’ ಮುಗಿಯಲು ಕಾಲು ಗಂಟೆ ಇರುವಾಗ ಅಪ್ಪ ದನಕ್ಕೆ ನೀರು ಕುಡಿಸಬೇಕು ಅಂತ ಎದ್ದು ಹೋದರು. ಮತ್ತೆ ಒಳಗೆ ಬರಲಿಲ್ಲ. ಮೊನ್ನೆ ಫೋನ್ ಮಾಡಿದಾಗ ಅವರೇ ಅಂದರು, ‘ಈ ಭಾನ್ವಾರ ಬಂದಾಗ ಉಳ್ದದ್ ಹಾಕವ್ವ.’