ವೇಸ್ಟ್‌ಗೇಟ್ ಪರೀಕ್ಷೆಗೆ ಕೊಂಡ ಕೈ ಪಂಪ್: ಮೂರು ವರ್ಷದ ಅನುಭವ

ಗೇಜ್ ಇರುವ ಕೈ ಪಂಪ್ ಇದು. ಹಿಡಿಕೆ ಒತ್ತಿ ಒತ್ತಿ ಬಿಡಬೇಕು. ಪಕ್ಕದ ಗುಂಡಿ ಒಂದು ಕಡೆ ತಿರುಗಿಸಿದರೆ ಗಾಳಿ ಎಳೆಯುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಗಾಳಿ ತುಂಬುತ್ತದೆ. ಕೊಂಡು ಮೂರು ವರ್ಷ ಆಯಿತು. ಟರ್ಬೊ ಕಾರು ಇಟ್ಟುಕೊಂಡು ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಇದರ ಬಗ್ಗೆ ಹೇಳಲೇಬೇಕು ಅನಿಸಿತು.

ನನ್ನ ಪೆಟ್ರೋಲ್ ಟರ್ಬೊ ಕಾರು ಏರಿನಲ್ಲಿ ಕೈಕೊಡಲು ಶುರು ಮಾಡಿತ್ತು. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮೊದಲು ಚೆನ್ನಾಗಿ ಎಳೆಯುತ್ತಿತ್ತು, ಆಮೇಲೆ ಯಾರೋ ಹಿಂದಿನಿಂದ ಜಗ್ಗಿ ಹಿಡಿದ ಹಾಗೆ ಪಿಕಪ್ ಪೂರ್ತಿ ಬಿದ್ದುಹೋಗಿ ಎಂಜಿನ್ ಲೈಟ್ ಹತ್ತಿಕೊಳ್ಳುತ್ತಿತ್ತು, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವಂತೆ ಓಡುತ್ತಿತ್ತು. ಕಾರಿನ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0234 ಅನ್ನುವ ಕೋಡ್ ಬಂತು. ಅಂದರೆ ಬೂಸ್ಟ್, ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ, ಬೇಕಾದ್ದಕ್ಕಿಂತ ಜಾಸ್ತಿ. ಒಂದು ಗ್ಯಾರೇಜ್‌ನಲ್ಲಿ ಬಾನೆಟ್ ಎತ್ತಿ ನೋಡಿದವರೇ ಟರ್ಬೊನೇ ಬದಲಿಸಿ ಅಂದರು. ಏನನ್ನೂ ಅಳೆದು ನೋಡಿರಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ. ಹಾಗಾಗಿ ಈ ಪಂಪ್ ತಂದೆ.

ವೇಸ್ಟ್‌ಗೇಟ್ ಅಂದರೆ ಟರ್ಬೊ ಒಳಗಿನ ಪುಟ್ಟ ಬಾಗಿಲು. ಬೂಸ್ಟ್ ಮಿತಿ ಮುಟ್ಟಿದಾಗ ಅದು ತೆರೆದು, ಎಂಜಿನ್ ಹೊಗೆಯಲ್ಲಿ ಒಂದು ಪಾಲನ್ನು ಟರ್ಬೈನ್ ಚಕ್ರಕ್ಕೆ ತಾಗದಂತೆ ಪಕ್ಕದಿಂದ ಬಿಡುತ್ತದೆ. ಅದನ್ನು ತೆರೆಯುವುದು ಆಕ್ಚುಯೇಟರ್. ಡಬ್ಬಿಯೊಳಗೆ ರಬ್ಬರ್ ಡಯಾಫ್ರಾಮ್ (ಗಾಳಿ ಒತ್ತಿದರೆ ಬಾಗುವ ಪೊರೆ), ಒಂದು ಸ್ಪ್ರಿಂಗ್, ಹೊರಗೆ ಬರುವ ರಾಡ್, ಅಷ್ಟೇ. ಬಾಗಿಲು ಮುಚ್ಚಿಕೊಂಡೇ ಜಾಮ್ ಆದರೆ ಬೂಸ್ಟ್ ಏರುತ್ತಾ ಹೋಗುತ್ತದೆ, ಎಂಜಿನ್ ಉಳಿಸಲು ಕಾರಿನ ಕಂಪ್ಯೂಟರ್ ಶಕ್ತಿ ಇಳಿಸುತ್ತದೆ. ತೆರೆದುಕೊಂಡೇ ಉಳಿದರೆ ಇದರ ಉಲ್ಟಾ, ಪಿ0299 ಬರುತ್ತದೆ, ಕಾರು ಎಳೆಯುವುದೇ ಇಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆಕ್ಚುಯೇಟರ್‌ನ ರಬ್ಬರ್ ಪೈಪ್ ಕಳಚಿ ಪಂಪ್ ಸಿಕ್ಕಿಸಿದೆ. ಮೆಲ್ಲಗೆ ಗಾಳಿ ತುಂಬುತ್ತಾ ಹೋದೆ. ನನ್ನ ಕಾರಿನ ವರ್ಕ್‌ಶಾಪ್ ಪುಸ್ತಕದ ಪ್ರಕಾರ 0.4 ಬಾರ್ ಹತ್ತಿರ ರಾಡ್ ಅಲುಗಬೇಕು. ಅಲುಗಲಿಲ್ಲ. 0.5 ಆಯಿತು, 0.6 ಆಯಿತು. 0.7 ದಾಟುವಾಗ ಟಕ್ ಅಂತ ಒಮ್ಮೆಲೇ ಹಾರಿತು. ಗಾಳಿ ಬಿಟ್ಟರೆ ಅರ್ಧ ದಾರಿಯಲ್ಲೇ ನಿಂತುಕೊಂಡಿತು, ಪೂರ್ತಿ ವಾಪಸ್ ಬರಲಿಲ್ಲ. ಆದರೆ ಗಾಳಿ ಹಿಡಿದಿಟ್ಟಾಗ ಒಂದು ನಿಮಿಷವಾದರೂ ಗೇಜಿನ ಮುಳ್ಳು ಕದಲಿರಲಿಲ್ಲ. ಅಂದರೆ ಡಯಾಫ್ರಾಮ್ ತೂತಾಗಿಲ್ಲ.

ಈ ಹಂತದಲ್ಲಿ ಹೆಚ್ಚಿನವರು ಲಾಕ್ ನಟ್ ಸಡಿಲಿಸಿ ರಾಡಿನ ಉದ್ದ ಬದಲಿಸಲು ಶುರು ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಮೊದಲು ರಾಡ್ ತುದಿಯ ಕ್ಲಿಪ್ ತೆಗೆದು ಆಕ್ಚುಯೇಟರ್ ಬೇರೆ, ಟರ್ಬೊ ಮೇಲೆ ಬಾಗಿಲನ್ನು ತಿರುಗಿಸುವ ತೋಳು ಬೇರೆ ಮಾಡಿ ನೋಡಿ. ಕ್ಲಿಪ್ ಹಾರಿ ಬೀಳುತ್ತದೆ, ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ. ಬಿಡಿಸಿದ ಮೇಲೆ ಪಂಪ್ ಒತ್ತಿದರೆ ನನ್ನ ರಾಡ್ ಬೆಣ್ಣೆಯಲ್ಲಿ ಜಾರಿದ ಹಾಗೆ ಬಂದು ಹೋಯಿತು. ತೋಳನ್ನು ಬೆರಳಿನಿಂದ ತಳ್ಳಿದರೆ ಮಾತ್ರ ಕರಕರ ಅನ್ನುತ್ತಾ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ತಪ್ಪು ಆಕ್ಚುಯೇಟರ್‌ನದ್ದಲ್ಲ, ತೋಳು ತಿರುಗುವ ಬಳೆಯದ್ದು, ಅಂದರೆ ಬುಷ್‌ನದ್ದು. ಅಲ್ಲಿ ತುಕ್ಕೂ ಮಸಿಯೂ ಸೇರಿ ಗಟ್ಟಿಯಾಗಿತ್ತು.

ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ರಾತ್ರಿ ನೆನೆಯಲು ಬಿಟ್ಟು, ತೋಳನ್ನು ಹಿಂದೆ ಮುಂದೆ ಆಡಿಸಿದೆ. ಮರುದಿನವೂ ಅದೇ ಕೆಲಸ. ಎರಡನೇ ಸಂಜೆ ಒಂದೇ ಬೆರಳಿಗೆ ಪೂರ್ತಿ ಆಡತೊಡಗಿತು. ಅಲ್ಲಿಗೆ ಮಾಮೂಲಿ ಗ್ರೀಸ್ ಹಚ್ಚಬೇಡಿ, ಟರ್ಬೊ ಬಿಸಿಗೆ ಸುಟ್ಟು ಮತ್ತೆ ಅಂಟಾಗುತ್ತದೆ. ಜಾಸ್ತಿ ಬಿಸಿ ತಡೆಯುವ ನಿಕಲ್ ಪೇಸ್ಟ್ ಸ್ವಲ್ಪ ಸಾಕು. ಉಳಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ.

ಆಮೇಲೆ ರಾಡ್ ಜೋಡಿಸಿ ಮತ್ತೆ ಅಳೆದಾಗ 0.45 ಬಾರ್‌ಗೆ ಅಲುಗಿತು. ಹೊಂದಿಸುವ ಕೆಲಸ ಬಂದದ್ದು ಈಗ. ರಾಡ್ ಉದ್ದವಾದರೆ ಬಾಗಿಲು ಬೇಗ ತೆರೆಯುತ್ತದೆ, ಗಿಡ್ಡವಾದರೆ ತಡವಾಗಿ ತೆರೆದು ಬೂಸ್ಟ್ ಏರುತ್ತದೆ. ಹಳೆಯ ಜಾಗಕ್ಕೆ ಬಣ್ಣದ ಗುರುತು ಹಾಕಿ, ಅರ್ಧ ಸುತ್ತು ಉದ್ದ ಮಾಡಿದೆ, 0.4ಕ್ಕೆ ಕೂತಿತು. ನಟ್ ತಿರುಗಿಸುವಾಗ ರಾಡ್ ತಿರುಗದಂತೆ ಇಕ್ಕಳದಲ್ಲಿ ಹಿಡಿದಿರಲೇಬೇಕು, ಇಲ್ಲದಿದ್ದರೆ ಒಳಗಿನ ಡಯಾಫ್ರಾಮ್ ತಿರುಚಿ ಹರಿಯುತ್ತದೆ. ಪಂಪ್ ಇಲ್ಲೂ ನೆರವಾಯಿತು. ಸ್ವಲ್ಪ ಗಾಳಿ ತುಂಬಿ ರಾಡ್ ಮುಂದೆ ತಂದರೆ ತೋಳಿನ ಪಿನ್‌ಗೆ ಸಲೀಸಾಗಿ ಕೂರುತ್ತದೆ, ಎಳೆದಾಡುವ ಕಷ್ಟವಿಲ್ಲ. ಪಿಕಪ್ ಜಾಸ್ತಿ ಆಗಲಿ ಅಂತ ಸುಮ್ನೆ ರಾಡ್ ಗಿಡ್ಡ ಮಾಡುವವರಿದ್ದಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ನಾಕಿಂಗ್ (ಇಂಧನ ಹದ ತಪ್ಪಿ ತಾನಾಗಿ ಸಿಡಿಯುವುದು) ಬಂದು ಪಿಸ್ಟನ್ನೇ ಹೋಗಬಹುದು.

ಇನ್ನು ಪಂಪಿನ ಕುಂದುಗಳು. ಎರಡನೇ ವರ್ಷ ಒಮ್ಮೆ ಗೇಜಿನ ಮುಳ್ಳು ಇಳಿಯುತ್ತಾ ಹೋಯಿತು, ಡಯಾಫ್ರಾಮ್ ಹೋಯಿತು ಅಂತ ಗಾಬರಿಯಾಯಿತು. ನೋಡಿದರೆ ಪಂಪಿನ ಒಳಗಿನ ರಬ್ಬರ್ ರಿಂಗೇ ಒಣಗಿತ್ತು. ಬಿಚ್ಚಿ ಸಿಲಿಕಾನ್ ಗ್ರೀಸ್ ಸವರಿದ ಮೇಲೆ ಸರಿಹೋಯಿತು. ಅಂದಿನಿಂದ ಕಾರಿಗೆ ಹಾಕುವ ಮೊದಲು ಪೈಪಿನ ಬಾಯಿಗೆ ಬೆರಳು ಒತ್ತಿ ಪಂಪ್ ಗಾಳಿ ಹಿಡಿಯುತ್ತದೆಯೇ ಅಂತ ನೋಡುತ್ತೇನೆ. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಜೋಡಣೆಗಳಲ್ಲಿ ಎರಡು ಬಿರುಕು ಬಿಟ್ಟಿವೆ. ಗೇಜಿನ ಅಂಕಿಗಳು ತೀರಾ ಸಣ್ಣವು, ಟರ್ಬೊ ಪಕ್ಕದ ಕತ್ತಲಲ್ಲಿ ಓದಲು ಮೊಬೈಲ್ ಟಾರ್ಚ್ ಬೇಕೇ ಬೇಕು.

ಎಲೆಕ್ಟ್ರಿಕ್ ಮೋಟಾರ್ ಇರುವ ಆಕ್ಚುಯೇಟರ್ ನಿಮ್ಮದಾದರೆ ಇದು ಬೇಡ, ಅದಕ್ಕೆ ಸ್ಕ್ಯಾನರ್ ಬೇಕು. ವ್ಯಾಕ್ಯೂಮ್‌ನಿಂದ ನಡೆಯುವುದಾದರೆ ಗಾಳಿ ತುಂಬಬೇಡಿ, ಎಳೆಯುವ ಕಡೆಗೆ ಗುಂಡಿ ತಿರುಗಿಸಿ ಇದೇ ಪಂಪ್ ಬಳಸಬಹುದು. ಪಂಪ್ ಬದಲು ಟೈರ್‌ಗೆ ಗಾಳಿ ಹಾಕುವ ಕಂಪ್ರೆಸರ್ ಮಾತ್ರ ನೇರವಾಗಿ ಹಾಕಬೇಡಿ, ಅಷ್ಟು ಒತ್ತಡಕ್ಕೆ ಡಯಾಫ್ರಾಮ್ ಹರಿದುಹೋಗುತ್ತದೆ.

ಪಿ0234 ಮತ್ತೆ ಬಂದಿಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗ ಐದು ನಿಮಿಷ ಪಂಪ್ ಹಾಕಿ ನೋಡುತ್ತೇನೆ. ಕಳೆದ ಸಲವೂ ರಾಡ್ 0.4ಕ್ಕೇ ಅಲುಗಿತು, ಗಾಳಿ ಬಿಟ್ಟಾಗ ಪೂರ್ತಿ ವಾಪಸ್ ಬಂತು.