ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್: ಮಗಳ ಕಿವಿಗಾಗಿ ಓಡಾಡಿದ ಅನುಭವ

ನಮ್ಮನೆಯಲ್ಲಿ ಕಿವಿ ಪರೀಕ್ಷೆ ಅಂದರೆ ಅತ್ತೆ ತೊಟ್ಟಿಲ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಡಿಯೋದು. ಮಗಳು ತಿರುಗಿದಳು, ಪಾಸ್! ತಿರುಗಿದ್ದು ಗೋಡೆ ಮೇಲೆ ಆಡಿದ ಅತ್ತೆಯ ನೆರಳಿಗೆ ಅಂತ ಆಮೇಲೆ ಹೊಳೆಯಿತು. ಹೆರಿಗೆಯಾದ ಆಸ್ಪತ್ರೆಯಲ್ಲಿ (ಹೆಸರು ಬೇಡ ಬಿಡಿ) ಲಸಿಕೆ ಕಾರ್ಡ್ ಕೊಟ್ಟರು, ಬಿಲ್ ಕೊಟ್ಟರು, ಕಿವಿಯ ಸುದ್ದಿ ಯಾರೂ ಎತ್ತಲಿಲ್ಲ. ಐದನೇ ತಿಂಗಳಲ್ಲಿ ಪಕ್ಕದ ಮನೆಯವರು ಸರ ಪಟಾಕಿ ಹೊಡೆದಾಗಲೂ ಇವಳು ಅಲುಗಾಡದೆ ಮಲಗಿದ್ದಳು.

ಮಾರನೇ ದಿನವೇ ನಂಜನಗೂಡಿನಿಂದ ಬಸ್ ಹತ್ತಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇರೋದು. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು.

ಮೊದಲು ಓಎಇ ಅನ್ನೋ ಪರೀಕ್ಷೆ. ಕಿವಿಗೆ ಮೆತ್ತನೆ ತುದಿಯೊಂದನ್ನು ಇಟ್ಟು ಸಣ್ಣ ಸದ್ದು ಕಳಿಸ್ತಾರೆ. ಒಳಕಿವಿ ಸರಿಯಿದ್ದರೆ ಅದೂ ಒಂದು ಮೆಲುದನಿ ವಾಪಸ್ ಕೊಡುತ್ತೆ, ಯಂತ್ರ ಅದನ್ನು ಹಿಡಿಯುತ್ತೆ. ನೋವಿಲ್ಲ, ನಿಮಿಷಗಳ ಕೆಲಸ. ನಮ್ಮದು ಎರಡೂ ಕಿವಿ ‘ರೆಫರ್’, ಅಂದರೆ ಪಾಸ್ ಆಗಲಿಲ್ಲ. ಹಾಗೆ ಬಂದ ಮಾತ್ರಕ್ಕೆ ಕಿವುಡು ಅಂತಲ್ಲ, ಎಳೆಗೂಸಿನ ಕಿವಿಯೊಳಗೆ ದ್ರವ ಇದ್ದರೂ ಬರುತ್ತೆ. ಇನ್ನೊಂದು ಪರೀಕ್ಷೆ ಬೇಕು. ಅದು ಬೆರಾ. ಹಣೆಗೂ ಕಿವಿ ಹಿಂದಕ್ಕೂ ವೈರ್ ಅಂಟಿಸಿ, ಸದ್ದು ನರದ ದಾರಿಯಲ್ಲಿ ಮೆದುಳಿನ ತನಕ ಹೋಗುತ್ತಾ ಅಂತ ನೋಡ್ತಾರೆ. ಮಗು ನಿದ್ದೆಯಲ್ಲೇ ಇರಬೇಕು. ಅದಕ್ಕೆ ನಿದ್ದೆಗೆಡಿಸಿಯೇ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಅವಳು ತೂಕಡಿಸದ ಹಾಗೆ ನಾನೂ ಅತ್ತೆಯೂ ಕುಣಿದಿದ್ದು ನೋಡಿ ಕಂಡಕ್ಟರ್ ಚಿಲ್ಲರೆ ಕೊಡೋದನ್ನೇ ಮರೆತ.

ಫಲಿತಾಂಶ: ತೀವ್ರ ಶ್ರವಣದೋಷ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಮಿಷಿನ್ (ಕಿವಿಗೆ ಹಾಕೋ ಶ್ರವಣ ಸಾಧನ) ಮತ್ತು ತರಬೇತಿ, ಇದು ಲೆಕ್ಕ. ಮೊದಲೆರಡು ನಮಗೆ ಆಗಲೇ ತಪ್ಪಿಹೋಗಿದ್ದವು.

ಮಿಷಿನ್ ಹಾಕಿದ ಮೇಲೂ ಕೆಲಸ ಮುಗಿಯಲ್ಲ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತೆ, ಮಿಷಿನ್ನಿನ ಕಿವಿಯೊಳಗೆ ಕೂರೋ ಅಚ್ಚು ಸಡಿಲವಾಗಿ ಕುಯ್ಯೋ ಅನ್ನುತ್ತೆ, ಮತ್ತೆ ಅಚ್ಚು ತೆಗೆಸಬೇಕು. ಇನ್ನು ಥೆರಪಿಯಲ್ಲಿ, ಅಂದರೆ ಕೇಳೋದು ಮಾತಾಡೋದು ಕಲಿಸೋ ತರಬೇತಿಯಲ್ಲಿ, ಮಗಳಿಗಿಂತ ನನಗೇ ಪಾಠ ಜಾಸ್ತಿ. ಸುಮ್ಮನೆ ಅಡುಗೆ ಮಾಡೋ ಹಾಗಿಲ್ಲ: ‘ಸಾಸಿವೆ ಚಟಪಟ ಅಂತು ನೋಡು, ಈಗ ಕರಿಬೇವು’ ಅಂತ ವಟಗುಟ್ಟುತ್ತಲೇ ಇರಬೇಕು. ನಮ್ಮೆಜಮಾನರಿಗೆ ಇದು ತಮಾಷೆ.

ಐದಕ್ಕೆ ಐದು ಸ್ಟಾರ್. ಹೋಗೋರು ಇಡೀ ದಿನ ಬಿಡುವು ಮಾಡಿಕೊಂಡು ಹೋಗಿ. ಮಗಳು ಮಿಷಿನ್ ಕಿತ್ತು ಬಾಯಿಗಿಡ್ತಾಳೆ ಅಂತ ಅತ್ತೆ ಈಗ ಅದಕ್ಕೊಂದು ದಾರ ಕಟ್ಟಿ ಅಂಗಿಗೆ ಪಿನ್ ಹಾಕಿದ್ದಾರೆ.